ಆಲ್ಫಿಯಸ್ ಹೊತ್ತು ತಂದ ಬಿಳಿ ಕಮೋಡು

ಆ ಮಂಗಳವಾರ ಏನೂ ನಡೆಯಲಿಲ್ಲ. ನನ್ನ ಗಂಡ ಆಲ್ಫಿಯಸ್ ಬೆಳಕು ಹರಿಯುವ ಮೊದಲೇ ಎದ್ದ. ನಾನು ಕಾಯಿಸಿಕೊಟ್ಟ ಕೋಕೋ ಕುಡಿದು, ಜಾಯಿಕಾಯಿ ಕಡಿಮೆಯಾಯಿತು ಎಂದ. ಮೂವತ್ತೆಂಟು ವರ್ಷ ಅದನ್ನೇ ಹೇಳಿದ್ದಾನೆ. ಒಂದು ಸಲ ಇಡೀ ಜಾಯಿಕಾಯಿ ತುರಿದು ಹಾಕಿಕೊಟ್ಟಿದ್ದೆ. ಅವತ್ತೂ ಕಡಿಮೆ ಎಂದ.

ತೋಟಕ್ಕೆ ಹೋಗಿ ಹೊಸ ಗೊನೆಗಳಿಗೆ ಹುಳ ಬೀಳದಂತೆ ನೀಲಿ ಚೀಲ ತೊಡಿಸಿದ. ಮಧ್ಯಾಹ್ನ ಹೊಳೆಯಲ್ಲಿ ಆರು ಸಿಗಡಿ ಹಿಡಿದು ಟೋಪಿಯಲ್ಲಿ ಹಾಕಿಕೊಂಡು ಬಂದ. ಟೋಪಿಯನ್ನು ತೊಳೆಯದೆ ಮತ್ತೆ ತಲೆಗೆ ಇಟ್ಟುಕೊಂಡ. ಬೈದೆ. ಸಂಜೆ ಅಂಗಡಿಯ ಮುಂದೆ ಗೆಳೆಯ ಸಿಲ್ವಾನ್ ಜೊತೆ ಡಾಮಿನೋ ಆಡಿದ. ಮೋಸ ಮಾಡಿದ, ಸಿಕ್ಕಿಬಿದ್ದ, ಆದರೂ ತಾನೇ ಗೆದ್ದೆ ಎಂದು ಸಾಧಿಸಿದ. ಬೇಯಿಸಿದ ಬಾಳೆಕಾಯಿ, ಸಿಗಡಿ ಉಂಡು ಮಲಗಿದ.

ಬುಧವಾರ ಗೊನೆ ಕಡಿಯುವ ದಿನ. ಎರಡನೇ ಗೊನೆ ಹೊತ್ತು ತಂದು ಇಳಿಸಿದವನು ಎದೆಯ ಮೇಲೆ ಕೈಯಿಟ್ಟುಕೊಂಡು ಕಾಯಿ ಪೆಟ್ಟಿಗೆಗೆ ತುಂಬುವ ಶೆಡ್ಡಿನ ಹೊರಗೆ ಕೂತ. "ಸ್ವಲ್ಪ ಕೂತಿರ್ತೀನಿ, ಡೂಡೂ" ಎಂದ. ಮುದ್ದು ಬಂದಾಗಲೂ ಸಿಟ್ಟು ಬಂದಾಗಲೂ ನನ್ನನ್ನು ಹಾಗೇ ಕರೆಯುತ್ತಿದ್ದ. ಕೂತವನು ಏಳಲಿಲ್ಲ.

ಮಣ್ಣು ಮಾಡುವ ದಿನ ಇಗರ್ಜಿಯಲ್ಲಿ ಪಾದ್ರಿಗಳು ಒಳ್ಳೆಯ ಮಾತು ಆಡಿದರು. ಒಳ್ಳೆಯ ಕ್ರೈಸ್ತ, ಒಳ್ಳೆಯ ರೈತ, ಒಳ್ಳೆಯ ಗಂಡ. ಎಲ್ಲ ಸರಿ. ಆದರೆ ಕಕ್ಕಸಿನ ವಿಷಯ ಬಿಟ್ಟರು. ಇಗರ್ಜಿಯಲ್ಲಿ ಹೇಗೆ ಹೇಳುವುದು ಎಂದು ಬಿಟ್ಟಿರಬೇಕು. ಹಿಂದಿನ ಬೆಂಚಿನಿಂದ ಸಿಲ್ವಾನ್ ನನ್ನ ಕಿವಿಯ ಹತ್ತಿರ ಬಗ್ಗಿ, "ಮುಖ್ಯವಾದದ್ದೇ ಹೇಳ್ಲಿಲ್ವಲ್ಲ ಇವ್ರು" ಎಂದ. ಅಳುತ್ತಿದ್ದವಳಿಗೆ ನಗು ಬಂತು. ಪಾದ್ರಿಗಳು ಬಿಟ್ಟದ್ದನ್ನು ನಾನು ಹೇಳುತ್ತೇನೆ.

ನಮ್ಮ ಡೊಮಿನಿಕಾ ದ್ವೀಪದಲ್ಲಿ ಸಪಾಟು ನೆಲ ಎಂದರೆ ಕ್ರಿಕೆಟ್ ಮೈದಾನ ಒಂದೇ. ಉಳಿದದ್ದು ಗುಡ್ಡ. ಗುಡ್ಡದ ಮೇಲೆ ಬಾಳೆ. ಆಲ್ಫಿಯಸ್‌ನ ತಾಯಿ ಗೊನೆಗಳನ್ನು ತಲೆಯ ಮೇಲೆ ಹೊತ್ತು ಇಂಗ್ಲೆಂಡಿನ ಹಡಗಿಗೆಂದು ದಡಕ್ಕೆ ಇಳಿಯುತ್ತಿದ್ದಳು. ಇವನೂ ಚಿಕ್ಕಂದಿನಿಂದ ಹೊತ್ತ. ಅದಕ್ಕೇ ಅವನ ಕತ್ತು ಎತ್ತಿನ ಕತ್ತಿನಂತಿತ್ತು. ಮದುವೆಗೆ ಹೊಲಿಸಿದ ಅಂಗಿಯ ಕಾಲರಿನ ಗುಂಡಿ ಹಾಕಲಾಗಲಿಲ್ಲ. ತೆರೆದ ಕಾಲರಿನಲ್ಲೇ ನನ್ನನ್ನು ಮದುವೆಯಾದ. ಇನ್ನೊಂದು ಮಾತು. ಇಡೀ ಜೀವನ ಬಾಳೆ ಬೆಳೆದವನು ಒಂದು ಬಾಳೆಹಣ್ಣನ್ನೂ ತಿನ್ನುತ್ತಿರಲಿಲ್ಲ. ಕಾಯಿ ಬೇಯಿಸಿದರೆ ತಿನ್ನುತ್ತಿದ್ದ. ಹಣ್ಣು ಕಂಡರೆ ಮುಖ ಕಿವುಚುತ್ತಿದ್ದ. "ಹಣ್ಣಾಗೋದು ಇಂಗ್ಲೆಂಡ್‌ನಲ್ಲಿ. ಅದು ಅವರ ಕಷ್ಟ" ಎನ್ನುತ್ತಿದ್ದ.

ಹನ್ನೆರಡು ವರ್ಷದ ಹಿಂದೆ ಬಾಳೆಗೆ ಕೆಟ್ಟ ಕಾಲ ಬಂತು. ಮೊದಲೆಲ್ಲ ಇಂಗ್ಲೆಂಡಿನವರು ನಮ್ಮಂಥ ಸಣ್ಣ ದ್ವೀಪಗಳ ಕಾಯಿಗೆ ತಮ್ಮ ಅಂಗಡಿಗಳಲ್ಲಿ ಜಾಗ ಇಟ್ಟಿದ್ದರು. ಈಗ ಯಾವುದೋ ದೊಡ್ಡ ದೇಶಗಳ ಅಗ್ಗದ ಕಾಯಿ ನುಗ್ಗಿತು. ಅಲ್ಲಿ ಗೊನೆಗಳು ತಂತಿಯ ಮೇಲೆ ಜಾರಿಕೊಂಡು ಹೋಗುತ್ತವಂತೆ. ನಮ್ಮೂರಿನಲ್ಲಿ ಮೂವತ್ತು ಮನೆಯವರು ಬಾಳೆ ಹಾಕುತ್ತಿದ್ದರು. ಹದಿನಾಲ್ಕು ಉಳಿಯಿತು. ಉಳಿದವರೂ ರೇಡಿಯೋ ಕೇಳಿ ತಲೆ ಅಲ್ಲಾಡಿಸುತ್ತಿದ್ದರು.

ಆಗ ಸರ್ಕಾರದವರು ಶಾಲೆಯಲ್ಲಿ ಸಭೆ ಕರೆದರು. ರೋಸೋ ಪಟ್ಟಣದಿಂದ ಒಬ್ಬ ಅಧಿಕಾರಿ ಬಂದು ಮೇಜಿನ ಮೇಲೆ ಎರಡು ಬಗೆಯ ಕಾಗದ ಇಟ್ಟ. ಹಳದಿ ಕಾಗದ ಬಾಳೆ ಬಿಡುವವರಿಗೆ. ಸಹಿ ಹಾಕಿದರೆ ಹಂದಿಮರಿ, ಇಲ್ಲವೇ ಬೇರೆ ಹಣ್ಣಿನ ಸಸಿ. ಬಿಳಿ ಕಾಗದ ಬಾಳೆಯಲ್ಲೇ ಇರುವವರಿಗೆ. ಅವರಿಗೆ ಸಿಮೆಂಟು, ತಗಡು, ಪೈಪು, ಎಲ್ಲ ಸರ್ಕಾರದ್ದೇ. ಆದರೆ ತೋಟವನ್ನು ಹೊಸ ನಿಯಮದಂತೆ ಕಟ್ಟಬೇಕು. ಇಂಗ್ಲೆಂಡಿನ ಅಂಗಡಿಯವರು ಕೇಳಿದ್ದೆಲ್ಲ ಇರಬೇಕು. ಪರೀಕ್ಷೆ ಮಾಡುತ್ತಾರೆ. ಎರಡು ಸಲ ತಪ್ಪಿದರೆ ಬೆಳೆಗಾರನ ನಂಬರು ಹೋಯಿತು. ನಂಬರಿಲ್ಲದ ಬಾಳೆಯನ್ನು ಹಡಗಿಗೆ ಹತ್ತಿಸುವುದಿಲ್ಲ. ಬಿಳಿ ಕಾಗದ ತೆಗೆದುಕೊಂಡು ಸೋತವನಿಗೆ ಆಮೇಲೆ ಹಳದಿ ಕಾಗದವೂ ಇಲ್ಲ.

ನಾನು ಹಳದಿ ಎಂದು ಮನಸ್ಸು ಮಾಡಿದ್ದೆ. ಹಂದಿಗೆ ಗೂಡು ಎಲ್ಲಿ ಕಟ್ಟುವುದು ಎಂದೂ ಯೋಚಿಸಿದ್ದೆ. ಪಕ್ಕಕ್ಕೆ ತಿರುಗಿದರೆ ಆಲ್ಫಿಯಸ್ ಇಲ್ಲ. ಮೇಜಿನ ಹತ್ತಿರ ನಿಂತು ಬಿಳಿ ಕಾಗದಕ್ಕೆ ಸಹಿ ಹಾಕುತ್ತಿದ್ದಾನೆ.

ದಾರಿಯಲ್ಲಿ ಜಗಳವಾಡಿದೆ.

"ನನ್ನ ಒಂದ್ಮಾತು ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು, ಅಂತಿದ್ದೆ!"

"ಅದಕ್ಕೇ ಕೇಳ್ಲಿಲ್ಲ."

"ತಪ್ಪಿಹೋದ್ರೆ? ಬಾಳೆನೂ ಇಲ್ಲ, ಹಂದಿನೂ ಇಲ್ಲ. ಏನು ತಿಂತೀಯಾ?"

"ತಪ್ಪಲ್ಲ, ಡೂಡೂ."

"ಡೂಡೂ ಗೀಡೂ ಅನ್ಬೇಡ ನಂಗೆ."

ಎರಡು ವಾರ ಮಾತು ಬಿಟ್ಟೆ. ಕೋಕೋಗೆ ಜಾಯಿಕಾಯಿ ಹಾಕಲೇ ಇಲ್ಲ. ಆ ಎರಡು ವಾರ ಅವನು ಚೆನ್ನಾಗಿದೆ ಎಂದ.

ನಿಯಮಗಳು ಒಂದು ಪುಟ ತುಂಬ ಇದ್ದವು. ಗಿಡಕ್ಕೆ ಹೊಡೆಯುವ ಔಷಧಿಗೆ ಬೇರೆ ಕೋಣೆ. ಕೈ ತೊಳೆಯುವ ಜಾಗ. ಶೆಡ್ಡಿಗೆ ನೆಲ. ಕೊನೆಯಲ್ಲಿ, ಕೆಲಸದವರಿಗೆ ತೋಟದಲ್ಲೇ ಕಕ್ಕಸು, ನೀರು ಬಿಡುವಂಥದ್ದು. ಆಲ್ಫಿಯಸ್ ಅದನ್ನು ಮೂರು ಸಲ ಓದಿದ. ನಮ್ಮ ಮನೆಯ ಹಿಂದೆಯೂ ಇದ್ದದ್ದು ಬರೀ ಗುಂಡಿ, ಹಲಗೆ, ಗೋಣಿಯ ಪರದೆ. ತೋಟದಲ್ಲಿ ಎಲ್ಲರೂ ಕೋಕೋ ಮರಗಳ ಹಿಂದೆ ಹೋಗುತ್ತಿದ್ದರು. ಅವನ ಅಪ್ಪನೂ ಅಲ್ಲಿಗೇ ಹೋಗಿದ್ದ.

"ಬಾಳೆಗೂ ಅದಕ್ಕೂ ಏನ್ ಸಂಬಂಧ ಕೊಂಪೇ?" ಎಂದ ಸಿಲ್ವಾನ್. ಸಿಲ್ವಾನ್ ನಮ್ಮ ದೊಡ್ಡ ಮಗಳ ಜ್ಞಾನಸ್ನಾನಕ್ಕೆ ನಿಂತವನು. ಅವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪೇ. ಅವನು ಹಳದಿ ಕಾಗದ ತೆಗೆದುಕೊಂಡಿದ್ದ.

"ಇಂಗ್ಲಿಷ್‌ನೋರಿಗೆ ಇದೆ" ಎಂದ ಆಲ್ಫಿಯಸ್.

"ಅಲ್ಲಿ ಕೂತು ಬಾಳೆಹಣ್ಣು ತಿನ್ನೋರು, ಇಲ್ಲಿ ನೀನು ಎಲ್ಲಿ ಕೂತ್ಕೋತೀಯ ಅಂತ ಯೋಚ್ನೆ ಮಾಡ್ತಾರಾ?"

"ಮಾಡ್ಲಿ ಬಿಡು. ಯಾರೋ ಒಬ್ರು ನನ್ ಬಗ್ಗೆ ಯೋಚ್ನೆ ಮಾಡ್ತಾ ಇದಾರಲ್ಲ. ಮನೇಲಂತೂ ಯಾರೂ ಮಾತಾಡಿಸ್ತಿಲ್ಲ."

ನನಗೆ ಕೇಳಲಿ ಎಂದೇ ಜೋರಾಗಿ ಹೇಳಿದ.

ಸರ್ಕಾರದ ಲಾರಿ ಸಾಮಾನನ್ನು ಸೇತುವೆಯ ಹತ್ತಿರ ಇಳಿಸಿ ಹೋಯಿತು. ಅದಕ್ಕಿಂತ ಮೇಲೆ ಲಾರಿ ಹತ್ತುವುದಿಲ್ಲ. ಸಿಮೆಂಟು, ತಗಡು ಕತ್ತೆಯ ಮೇಲೆ ಹೋದವು. ಬಿಳಿ ಕಮೋಡನ್ನು ಕತ್ತೆಗೆ ಕೊಡಲು ಆಲ್ಫಿಯಸ್ ಒಪ್ಪಲಿಲ್ಲ. ಒಡೆದರೆ ಇನ್ನೊಂದು ಕೊಡುವುದಿಲ್ಲ. ಒಣ ಬಾಳೆಲೆಯನ್ನು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟ. ಅದರ ಮೇಲೆ ಕಮೋಡನ್ನು ಎತ್ತಿಸಿಕೊಂಡ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಬೀಸುತ್ತಾ ಗುಡ್ಡ ಹತ್ತಿದ.

ಊರೆಲ್ಲ ಹೊರಗೆ ಬಂತು. ಅಂಗಡಿಯವಳು ತಕ್ಕಡಿ ಬಿಟ್ಟು ಬಂದಳು. ನಮ್ಮ ತೋಟದ ಕೆಳಗಿನ ಮನೆಯ ಮಾ ಟಿಟೀನ್, ಎಂಬತ್ತೊಂದು ವರ್ಷದವಳು, ಮೆಟ್ಟಿಲ ಮೇಲೆ ಕೂತು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಏ ಆಲ್ಫಿಯಸ್, ಅದ್ಯಾವ ಸಂತರ ಮೂರ್ತಿನಪ್ಪಾ?"

"ಸಂತರಲ್ಲ ಮಾ, ಕಮೋಡು!"

"ಏನು?"

"ಕೂರೋದು, ಮಾ! ಕೂರೋದು!"

"ಕೂರೋದನ್ನ ತಲೆ ಮೇಲ್ಯಾಕೆ ಇಟ್ಕೊಂಡಿದ್ಯೋ ಹುಚ್ಚ? ತಲೆ ಯಾವುದು ಇನ್ನೊಂದ್ಯಾವುದು ಅಂತ ಗೊತ್ತಿಲ್ವಾ?"

ನಗು ಗುಡ್ಡದ ಮೇಲಿನವರೆಗೂ ಅವನ ಹಿಂದೆಯೇ ಹೋಯಿತು. ಆಲ್ಫಿಯಸ್ ನಗಲಿಲ್ಲ. ನಕ್ಕರೆ ಕಮೋಡು ಬೀಳುತ್ತದೆ. ತೋಟ ಮುಟ್ಟಿ, ಇಳಿಸಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವತ್ತು ನಾನು ಮತ್ತೆ ಮಾತಾಡಿದೆ. ಮಾತಾಡದೆ ಇರಲು ಆಗಲಿಲ್ಲ.

ನಮ್ಮಲ್ಲಿ ದೊಡ್ಡ ಕೆಲಸಕ್ಕೆ ಮುಯ್ಯಾಳು ಕರೆಯುತ್ತಾರೆ. ಬೆಳಗ್ಗೆ ಶಂಖ ಊದಬೇಕು. ಶಂಖ ಕೇಳಿದವರು ಬರಬೇಕು, ಕೆಲಸ ಏನು ಎಂದು ಆಮೇಲೆ ಕೇಳಬೇಕು. ಕರೆದ ಮನೆಯವರು ಹೊಟ್ಟೆ ತುಂಬ ಊಟ ಹಾಕಬೇಕು. ಆಲ್ಫಿಯಸ್ ಶಂಖ ಊದಿದ. ಇಪ್ಪತ್ತು ಜನ ಬಂದರು. ಹಳದಿ ಕಾಗದದವರೂ ಬಂದರು. ಸಿಲ್ವಾನ್ ಗಾರೆ ಕೆಲಸ ಬಲ್ಲವನು, ಗೋಡೆ ಅವನದೇ. ಮೂರು ದಿನ ಕಟ್ಟಿದರು. ಮೂರು ದಿನ ನಾನು ಕೆಸುವಿನ ಗೆಡ್ಡೆ, ಜೀಗುಜ್ಜೆ, ಉಪ್ಪುಮೀನು ಬೇಯಿಸಿದೆ. ದೋಣಿಗೆ ಬಳಿಯುವ ನೀಲಿ ಬಣ್ಣ ಸ್ವಲ್ಪ ಉಳಿದಿತ್ತು, ಬಾಗಿಲಿಗೆ ಬಳಿದರು. ನಾನು ಹೂವಿನ ಬಟ್ಟೆಯ ಪರದೆ ಹೊಲಿದೆ. ಬೇಡವೆಂದವಳು ನಾನೇ, ಪರದೆ ಹೊಲಿದವಳೂ ನಾನೇ.

ಮುಗಿದ ದಿನ ಆಲ್ಫಿಯಸ್ ಬಾಗಿಲಿಗೆ ಹಿತ್ತಾಳೆಯ ಬೀಗ ಜಡಿದ. ಕೀಲಿಯನ್ನು ಕೊರಳಿನ ಶಿಲುಬೆಯ ದಾರಕ್ಕೆ ಕಟ್ಟಿಕೊಂಡ.

ಇದನ್ನು ಯಾರೂ ವಿಚಿತ್ರ ಎಂದುಕೊಳ್ಳಲಿಲ್ಲ. ನಮ್ಮ ಎಲ್ಲರ ಮನೆಯ ಮುಂದಿನ ಕೋಣೆಯಲ್ಲೂ ಒಂದು ಗಾಜಿನ ಬೀರು ಇದೆ. ನನ್ನ ಬೀರುವಿನಲ್ಲಿ ಮದುವೆಗೆ ಬಂದ ಹನ್ನೆರಡು ಲೋಟಗಳಿವೆ. ಅವುಗಳಲ್ಲಿ ಮನೆಯವರು ನೀರು ಕುಡಿಯುವುದಿಲ್ಲ. ಪಾದ್ರಿಗಳು ಬಂದರೆ ಒಂದು ಹೊರಗೆ ಬರುತ್ತದೆ, ತೊಳೆದು ಮತ್ತೆ ಒಳಗೆ ಹೋಗುತ್ತದೆ. ಒಳ್ಳೆಯ ವಸ್ತು ಎಂದರೆ ಹಾಗೇ ಇಡುವುದು. ಕಕ್ಕಸನ್ನೂ ಹಾಗೇ ಇಟ್ಟೆವು. ವಾರಕ್ಕೊಮ್ಮೆ ಆಲ್ಫಿಯಸ್ ಬೀಗ ತೆಗೆದು, ಒರೆಸಿ, ಮುಚ್ಚುತ್ತಿದ್ದ. ಕೆಲಸದವರು ಕೋಕೋ ಮರಗಳ ಹಿಂದೆಯೇ ಹೋಗುತ್ತಿದ್ದರು. ಒಂದು ಮಳೆಯ ದಿನ ನಾನು ಕೀಲಿ ಕೇಳಿದೆ.

"ಇನ್ನೂ ಪರೀಕ್ಷೆ ಆಗಿಲ್ಲ, ಡೂಡೂ."

"ನನಗೆ ಅರ್ಜೆಂಟು ಕಣೋ!"

"ಮನೆಗೆ ಓಡು. ಇಳಿಜಾರು ತಾನೇ, ಬೇಗ ಹೋಗ್ತೀಯ."

ಓಡಿದೆ. ಈಗ ನೆನೆದರೆ ನಗು ಬರುತ್ತದೆ. ಅವತ್ತು ಬರಲಿಲ್ಲ.

ಮೂರು ತಿಂಗಳಿಗೆ ಪರೀಕ್ಷೆಯವಳು ಬಂದಳು. ಮಿಸ್ ಯುಡೋರಾ. ಸಣ್ಣ ವಯಸ್ಸು, ದೊಡ್ಡ ಬೂಟು. ಔಷಧಿ ಕೋಣೆ ನೋಡಿದಳು, ಸರಿ ಎಂದಳು. ಶೆಡ್ಡಿನ ನೆಲ ನೋಡಿದಳು, ಸರಿ ಎಂದಳು. ಆಲ್ಫಿಯಸ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದೆ ಮುಂದೆ ನಡೆಯುತ್ತಿದ್ದ. ಕಕ್ಕಸಿನ ಮುಂದೆ ನಿಂತು ಕೊರಳಿನ ಕೀಲಿ ತೆಗೆದು ಬಾಗಿಲು ತೆರೆದ.

ಒಳಗೆ ಬಿಳಿ ಬಿಳಿ. ಕಮೋಡಿನ ಮುಚ್ಚಳದ ಮೇಲೆ ಕಾರ್ಖಾನೆಯ ಚೀಟಿ ಹಾಗೇ ಇತ್ತು. ಸೋಪು ಕಾಗದದೊಳಗೇ ಇತ್ತು.

"ಇದನ್ನ ಯಾರು ಉಪಯೋಗಿಸ್ತಾರೆ, ಮಿಸ್ಟರ್ ಆಲ್ಫಿಯಸ್?"

"ಯಾರೂ ಇಲ್ಲ ಮಿಸ್!" ಎದೆ ಉಬ್ಬಿಸಿದ. "ದೇವರಾಣೆ, ಒಬ್ರೂ ಕಾಲಿಟ್ಟಿಲ್ಲ. ನನ್ ಹೆಂಡ್ತಿನೂ ಬಿಟ್ಟಿಲ್ಲ ನಾನು."

"ಹಾಗಾದ್ರೆ ನಿಮ್ಮ ಕೆಲಸದವರು ಎಲ್ಲಿಗೆ ಹೋಗ್ತಾರೆ?"

ಅಲ್ಲೇ ಇದ್ದ ಸಿಲ್ವಾನ್ ಕೋಕೋ ಮರಗಳ ಕಡೆ ನೋಡಿದ. ಎಲ್ಲರೂ ಆ ಕಡೆ ನೋಡಿದೆವು. ಮಿಸ್ ಯುಡೋರಾ ಕೂಡ.

ತಪ್ಪು ಎಂದು ಬರೆದಳು. ಬರೆಯುವಾಗ ತುಟಿ ಕಚ್ಚಿಕೊಂಡಿದ್ದಳು, ನಗು ತಡೆಯಲು. "ಇಂಥ ಚೆಂದದ ಶೌಚಾಲಯ ನಾನು ಎಲ್ಲೂ ನೋಡಿಲ್ಲ. ಆದ್ರೆ ನನಗೆ ಬೇಕಾಗಿರೋದು ಚೆಂದ ಅಲ್ಲ. ಎರಡು ವಾರ ಬಿಟ್ಟು ಬರ್ತೀನಿ. ಯಾವ ದಿನ ಅಂತ ಹೇಳಲ್ಲ. ಅದೇ ಕೊನೇ ಸಲ."

ಅವಳು ಹೋದ ಮೇಲೆ ಆಲ್ಫಿಯಸ್ ಗೊನೆಗಳ ನಡುವೆ ನಿಂತುಕೊಂಡ. ಇಸ್ತ್ರಿ ಅಂಗಿ ಒದ್ದೆಯಾಗಿತ್ತು. ಬೈಯಬೇಕೆಂದು ಹೋದೆ. ಮುಖ ನೋಡಿ ಬೈಯಲಿಲ್ಲ.

"ಇನ್ನೊಂದು ಸಲ ತಪ್ಪಿದ್ರೆ ಮುಗೀತು" ಎಂದ.

"ತಪ್ಪಲ್ಲ" ಎಂದೆ. ನಾನೇ ಹೇಳಿದೆ ಹಾಗೆ. "ಬೀಗ ಬಿಸಾಕು."

ಮರುದಿನ ಬೆಳಗ್ಗೆ ಶಂಖ ಊದಿದ. ಜನ ಮಚ್ಚು, ಗುದ್ದಲಿ ಹಿಡಿದು ಬಂದರು.

"ಏನ್ ಕೆಲಸ ಕೊಂಪೇ?" ಎಂದ ಸಿಲ್ವಾನ್.

"ಮಚ್ಚು ಕೆಳಗಿಡು. ಕೂರೋ ಕೆಲಸ."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದ ನಗೆಗೆ ಕಣಿವೆಯಲ್ಲಿ ಗಿಳಿಗಳು ಹಾರಿದವು. ಸರತಿ ನಿಂತರು. ಒಬ್ಬ ಬೇಕೆಂದೇ ತಡಮಾಡಿದ, ಹಿಂದಿನವರು ಬಾಗಿಲು ಗುದ್ದಿದರು. ಮಾ ಟಿಟೀನ್ ಕೋಲೂರಿಕೊಂಡು ಗುಡ್ಡ ಹತ್ತಿ ಬಂದಳು. ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಕೂಗಿದರೆ, "ಇರ್ರೋ, ಎಂಬತ್ತೊಂದು ವರ್ಷ ಕಾದಿದೀನಿ ಇದಕ್ಕೆ" ಎಂದಳು.

ಕೂರಲು ಬಂದವರಿಗೂ ಊಟ ಹಾಕಬೇಕು. ಪದ್ಧತಿ ಪದ್ಧತಿಯೇ. ಹಾಕಿದೆ.

ಒಂದು ದಿನ ಸುಲಭ. ಪ್ರತಿದಿನ ಕಷ್ಟ. ಅಭ್ಯಾಸದ ಕಾಲು ಕೋಕೋ ಮರದ ಕಡೆಗೇ ಹೋಗುತ್ತದೆ. ಅಲ್ಲಿಗೆ ಹೋದವರಿಗೆ ಮಧ್ಯಾಹ್ನದ ಊಟ ಇಲ್ಲ ಎಂದೆ. ಮೊದಲು ಸಿಕ್ಕಿಬಿದ್ದವನು ಆಲ್ಫಿಯಸ್ಸೇ.

"ಒಳಗೆ ಕೂತ್ರೆ ಏನೂ ಕಾಣಲ್ಲ ಡೂಡೂ. ಗೋಡೆ ನೋಡ್ತಾ ಕೂತ್ರೆ ನಂಗೆ ಆಗಲ್ಲ."

ಅವತ್ತು ಅವನಿಗೆ ಊಟ ಕೊಡಲಿಲ್ಲ. ಸಂಜೆ ಸಿಲ್ವಾನ್ ಬಂದು, ಕೂತವರ ಕಣ್ಣಿನ ಮಟ್ಟಕ್ಕೆ ಗೋಡೆಯಲ್ಲಿ ಒಂದು ಕಿಂಡಿ ಒಡೆದ. ಅಲ್ಲಿಂದ ನಮ್ಮ ತೋಟದ ಕೆಳಗಿನ ಅರ್ಧ ಕಾಣುತ್ತದೆ, ದೂರದಲ್ಲಿ ಸಮುದ್ರ. ಆಮೇಲೆ ಆಲ್ಫಿಯಸ್‌ನನ್ನು ಅಲ್ಲಿಂದ ಎಬ್ಬಿಸುವುದೇ ಕೆಲಸವಾಯಿತು. ಅಲ್ಲಿ ಕೂತೇ ಯಾವ ಗೊನೆ ಬಲಿತಿದೆ ಎಂದು ಕೂಗಿ ಹೇಳುತ್ತಿದ್ದ. ಒಳಗೆ ಟೋಪಿ ತೂಗುಹಾಕಲು ಮೊಳೆ ಬಂತು. ಗೋಡೆಗೆ ಅಂಗಡಿಯ ಕ್ಯಾಲೆಂಡರ್ ಬಂತು.

ಮಿಸ್ ಯುಡೋರಾ ಒಂದು ಗುರುವಾರ ಬೆಳಗ್ಗೆ ಏಳಕ್ಕೇ ಬಂದಳು. ಆಲ್ಫಿಯಸ್ ಮೇಲಿನ ಸಾಲಿನಲ್ಲಿದ್ದ. ನಾನು ಶೆಡ್ಡಿನಲ್ಲಿ ಗೊನೆಯಿಂದ ಚಿಪ್ಪು ಬಿಡಿಸುತ್ತಿದ್ದೆ. ಅವಳು ನೇರ ನೀಲಿ ಬಾಗಿಲಿಗೆ ಹೋಗಿ ತಳ್ಳಿದಳು. ತೆರೆಯಲಿಲ್ಲ. ಆಲ್ಫಿಯಸ್ ಮತ್ತೆ ಬೀಗ ಹಾಕಿದನೇ? ಅವಳು ತಟ್ಟಿದಳು.

"ಯಾರದು?" ಒಳಗಿನಿಂದ ಧ್ವನಿ.

"ಸರ್ಕಾರದಿಂದ ಬಂದಿದೀನಿ. ಪರೀಕ್ಷೆ ಮಾಡ್ಬೇಕು."

"ಸರ್ಕಾರಕ್ಕೆ ಸ್ವಲ್ಪ ಕಾಯೋಕೆ ಹೇಳವ್ವಾ. ಈಗ ತಾನೇ ಕೂತಿದೀನಿ."

ಮಾ ಟಿಟೀನ್. ದಿನವೂ ಬೆಳಗ್ಗೆ ಹತ್ತಿ ಬರುತ್ತಿದ್ದಳು, ನಮಗೆ ಹೇಳದೆ.

ಆಲ್ಫಿಯಸ್ ತಲೆಯ ಮೇಲೆ ಗೊನೆ ಹೊತ್ತುಕೊಂಡೇ ಓಡಿ ಬಂದ. "ಯಾರ್ ಒಳಗಿರೋದು? ಬೇಗ ಬನ್ನಿ! ಪರೀಕ್ಷೆಯವ್ರು ಬಂದಿದಾರೆ!"

"ಕಿರುಚಬೇಡ್ವೋ ಆಲ್ಫಿಯಸ್! ನೀನು ಕಿರುಚಿದ್ರೆ ನಂಗೆ ಇನ್ನೂ ತಡ ಆಗತ್ತೆ."

ಮಿಸ್ ಯುಡೋರಾ ಕಾಗದಗಳನ್ನು ಮುಖಕ್ಕೆ ಹಿಡಿದುಕೊಂಡಳು. ಭುಜ ಅಲುಗುತ್ತಿತ್ತು. ಹತ್ತು ನಿಮಿಷ ಕಾದಳು. ಮಾ ಟಿಟೀನ್ ಹೊರಗೆ ಬಂದು, ಕೈ ತೊಳೆದು, ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಹೋಗು ಮಗಳೇ, ಈಗ ನಿನ್ನ ಸರದಿ. ಕಿಂಡೀಲಿ ಸಮುದ್ರ ನೋಡು" ಎಂದಳು.

ಒಳಗೆ ನೆಲದ ಮೇಲೆ ಮಣ್ಣಿನ ಹೆಜ್ಜೆ. ಸೋಪು ಸವೆದು ಹುಣಸೆ ಬೀಜದಷ್ಟಾಗಿತ್ತು. ಮಿಸ್ ಯುಡೋರಾ ಆ ಚೂರನ್ನು ಬೆರಳಲ್ಲಿ ಹಿಡಿದು ನೋಡಿದಳು. ಬೇರೇನೂ ನೋಡಲಿಲ್ಲ. "ಪಾಸ್" ಎಂದಳು.

ಆಲ್ಫಿಯಸ್ ಗೊನೆ ಇಳಿಸಿದ. ಎಂಥ ಗೊನೆಯನ್ನೂ ಮೆಲ್ಲಗೆ ಇಳಿಸುವವನು ಅದನ್ನು ಧೊಪ್ಪನೆ ಹಾಕಿದ. ರಬ್ಬರ್ ಬೂಟಿನಲ್ಲೇ ಕುಣಿದ. ಮಾ ಟಿಟೀನಳನ್ನು ಎತ್ತಿ ಕುಣಿದ, ಅವಳು ಕೋಲಿನಿಂದ ಹೊಡೆದಳು. ನನ್ನ ಕೈ ಹಿಡಿದು ಎಳೆದ. ಕೈಯೆಲ್ಲ ಬಾಳೆಯ ಸೊನೆ. ಬಿಡಿಸಿಕೊಳ್ಳಲು ಆಗಲಿಲ್ಲ, ಬಿಡಿಸಿಕೊಳ್ಳಬೇಕೆಂದೂ ಇರಲಿಲ್ಲ. ನಾನೂ ಕುಣಿದೆ. ನಾನು ಹೇಳಿದ್ದೇ ತಪ್ಪು, ಅವನದೇ ಸರಿ ಎಂದು ಅವನ ಕಿವಿಯಲ್ಲಿ ಹೇಳಿದೆ. ಜೋರಾಗಿ ಹೇಳು, ಕೊಂಪೇಗೂ ಕೇಳಲಿ ಎಂದ. ಹೇಳಲಿಲ್ಲ.

ಆಮೇಲೆ ಹನ್ನೊಂದು ವರ್ಷ ನಮ್ಮ ಕಾಯಿ ಹಡಗು ಹತ್ತಿತು. ಬಿರುಗಾಳಿ ಎರಡು ಸಲ ತೋಟ ಮಲಗಿಸಿತು, ಎರಡು ಸಲವೂ ಶಂಖ ಊದಿ ಎಬ್ಬಿಸಿದೆವು. ಸಿಲ್ವಾನ್‌ನ ಹಂದಿಗಳನ್ನು ನಾವೆಲ್ಲ ಸೇರಿ ಒಂದೊಂದೇ ಕ್ರಿಸ್ಮಸ್ಸಿಗೆ ತಿಂದು ಮುಗಿಸಿದೆವು. ಮೂರನೇ ವರ್ಷಕ್ಕೆ ಅವನು ನಮ್ಮ ಶೆಡ್ಡಿಗೆ ಕೆಲಸಕ್ಕೆ ಬಂದ. ಮಾ ಟಿಟೀನ್ ತೊಂಬತ್ತಕ್ಕೆ ಹೋದಳು. ಕೊನೆಯ ವರ್ಷವೂ ಹತ್ತಿ ಬರುತ್ತಿದ್ದಳು.

ಆಲ್ಫಿಯಸ್ ಹೋಗಿ ಏಳು ತಿಂಗಳಾಯಿತು. ಹೆಂಗಸು ಒಬ್ಬಳೇ, ನಂಬರು ವಾಪಸ್ಸು ಕೊಡುತ್ತಾಳೆ ಎಂದು ಕೆಲವರು ಅಂದುಕೊಂಡರು. ಕೊಡಲಿಲ್ಲ. ಪಟ್ಟಣಕ್ಕೆ ಹೋಗಿ ನನ್ನ ಹೆಸರಿಗೆ ಬರೆಸಿಕೊಂಡು ಬಂದೆ. ಸಿಲ್ವಾನ್ ಗೊನೆ ಕಡಿಯುತ್ತಾನೆ. ನನ್ನ ಇಬ್ಬರು ಹೆಣ್ಣುಮಕ್ಕಳು ಕೊಯ್ಲಿನ ದಿನ ಬರುತ್ತಾರೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ.

ಮಳೆಗಾಲದಲ್ಲಿ ಗುಡ್ಡ ಜರಿದು ನೀರಿನ ಪೈಪು ಕೊಚ್ಚಿಹೋಯಿತು. ಸರ್ಕಾರದವರು ಹೊಸದು ಕೊಡುತ್ತೇವೆ ಎಂದಿದ್ದಾರೆ. ಕೊಡುವವರೆಗೆ, ಬೆಳಗ್ಗೆ ಕೋಕೋ ಕುಡಿದು ತೊರೆಗೆ ಇಳಿಯುತ್ತೇನೆ. ಎರಡು ಬಕೆಟ್ಟು ತುಂಬಿಕೊಂಡು ಹತ್ತುತ್ತೇನೆ. ಒಂದು ಬಕೆಟ್ಟು ಕಮೋಡಿನ ತೊಟ್ಟಿಗೆ, ಒಂದು ಕೈ ತೊಳೆಯುವಲ್ಲಿಗೆ. ಸಾಲದಿದ್ದರೆ ಇನ್ನೊಂದು ಸಲ ಇಳಿಯುತ್ತೇನೆ.